ಹೋಬಿ ಬೆಳ್ಳಿ ಬಟ್ಟಲುಗಳು

ಹೋಬಿ ಬೆಳ್ಳಿ ಬಟ್ಟಲುಗಳು ಗ್ರೀಕ್ ಪುರಾಣದ ದೃಶ್ಯಗಳನ್ನು ಉಬ್ಬುಚಿತ್ರಗಳಲ್ಲಿ ತೋರಿಸುವ ಎರಡು ಪ್ರಾಚೀನ ಪಾನಪಾತ್ರೆಗಳು. ಇವು 1920ರಲ್ಲಿ ಡೆನ್ಮಾರ್ಕ್‌ನ ಲೋಲಾನ್ ದ್ವೀಪದ ಹೋಬಿ ಎಂಬಲ್ಲಿ ದೊರೆತವು. ಕ್ರಿ.ಪೂ. 1ನೇ ಶತಮಾನದ ಕೊನೆ ಅಥವಾ ಕ್ರಿ.ಶ. 1ನೇ ಶತಮಾನದ ಆರಂಭಕ್ಕೆ ಸೇರಿದ ಇವನ್ನು ಕೋಪನ್‌ಹೇಗನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಶೋಧ

ಬಟ್ಟಲುಗಳು ಸ್ಥಳೀಯ ನಾಯಕನೊಬ್ಬನದೆಂದು ತಿಳಿಯಲಾದ ಸಮಾಧಿಯಲ್ಲಿ, ರೋಮನ್ ಕಂಚಿನ ಪಾತ್ರೆಗಳೊಂದಿಗೆ ದೊರೆತವು. ಈ ಪ್ರದೇಶವು ಎಂದೂ ರೋಮನ್ ಸಾಮ್ರಾಜ್ಯದ ಆಡಳಿತಕ್ಕೆ ಒಳಪಟ್ಟಿರಲಿಲ್ಲ.

ಚಿತ್ರಗಳು

ಬೆಳ್ಳಿಯನ್ನು ಬಡಿದು ಉಬ್ಬಿಸಿ ಚಿತ್ರಗಳನ್ನು ಮೂಡಿಸಲಾಗಿದ್ದು, ಕೆಲವು ಭಾಗಗಳಿಗೆ ಚಿನ್ನದ ಲೇಪವಿದೆ.

ಮೊದಲ ಬಟ್ಟಲಿನ ಮುಖ್ಯ ದೃಶ್ಯವು ಇಲಿಯಡ್ ಮಹಾಕಾವ್ಯದ 24ನೆಯ ಸರ್ಗದ್ದು. ಟ್ರಾಯ್ ನಗರದ ವೃದ್ಧ ಅರಸ ಪ್ರಿಯಮ್, ತನ್ನ ಮಗ ಹೆಕ್ಟರನನ್ನು ಕೊಂದ ಅಕಿಲೀಸನ ಮುಂದೆ ಮಂಡಿಯೂರಿ ಅವನ ಕೈಗೆ ಮುತ್ತಿಡುತ್ತಾನೆ. ಮಗನ ಶವವನ್ನು ಮರಳಿ ಪಡೆಯುವುದು ಅವನ ಉದ್ದೇಶ. ಅಕಿಲೀಸನ ಮುಖದಲ್ಲಿ ರೋಮ್‌ನ ಆಳರಸರ ಹೋಲಿಕೆಯನ್ನು ಕೆಲವು ವಿದ್ವಾಂಸರು ಗುರುತಿಸಿದ್ದಾರೆ.

ಎರಡನೆಯ ಬಟ್ಟಲಿನಲ್ಲಿ ಫಿಲಾಕ್ಟೀಟಿಸನ ಕಥೆಯಿದೆ. ಹಾವು ಕಚ್ಚಿ ಕಾಲಿನ ಗಾಯ ಮಾಯದಿದ್ದ ಈ ವೀರನನ್ನು ಗ್ರೀಕರು ಲೆಮ್ನೋಸ್ ದ್ವೀಪದಲ್ಲಿ ಬಿಟ್ಟುಹೋಗಿದ್ದರು. ಅವನ ಬಳಿಯಿದ್ದ ಹೆರಾಕ್ಲೀಸನ ಬಿಲ್ಲಿಲ್ಲದೆ ಟ್ರಾಯ್ ಗೆಲ್ಲಲಾಗದೆಂದು ತಿಳಿದಾಗ ಒಡಿಸ್ಸಿಯಸ್ ಅವನನ್ನು ಅರಸಿ ಬರುತ್ತಾನೆ.

ಸಹಿ ಮತ್ತು ಒಡೆತನ

ಖೈರಿಸೊಫೊಸ್ ಎಂಬ ಗ್ರೀಕ್ ಹೆಸರಿನ ಶಿಲ್ಪಿಯ ಸಹಿ ಎರಡರಲ್ಲೂ ಇದೆ. ಒಂದರಲ್ಲಿ ಅದನ್ನು ಗ್ರೀಕ್ ಲಿಪಿಯಲ್ಲೂ, ಇನ್ನೊಂದರಲ್ಲಿ ಗ್ರೀಕ್ ಮಾತನ್ನೇ ಲ್ಯಾಟಿನ್ ಲಿಪಿಯಲ್ಲೂ ಬರೆಯಲಾಗಿದೆ. ಗ್ರೀಕ್ ಕುಶಲಕರ್ಮಿಗಳು ರೋಮನ್ ಗ್ರಾಹಕರಿಗಾಗಿ ದುಡಿಯುತ್ತಿದ್ದುದಕ್ಕೆ ಇದು ಸಾಕ್ಷಿ.

ಪಾತ್ರೆಗಳ ತಳದಲ್ಲಿ ಸಿಲಿಯಸ್ ಎಂಬ ಹೆಸರನ್ನು ಗೀರಲಾಗಿದೆ. ಕ್ರಿ.ಶ. 14ರಿಂದ 21ರವರೆಗೆ ಮೇಲಿನ ಜರ್ಮೇನಿಯದ ಸೇನಾಧಿಪತಿಯಾಗಿದ್ದ ಗಾಯಸ್ ಸಿಲಿಯಸ್ ಇವನೇ ಇರಬಹುದೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಆ ಊಹೆಯಂತೆ ಬಟ್ಟಲುಗಳು ರಾಜತಾಂತ್ರಿಕ ಉಡುಗೊರೆಯಾಗಿ ಉತ್ತರಕ್ಕೆ ಹೋಗಿರಬಹುದು.

ಮಹತ್ವ

ಪ್ರಾಚೀನ ಗ್ರೀಸ್ ಹಾಗೂ ರೋಮ್‌ನ ಬೆಳ್ಳಿ ಪಾತ್ರೆಗಳಲ್ಲಿ ಬಹುಪಾಲು ಲೋಹದ ಬೆಲೆಗಾಗಿ ಕರಗಿ ನಾಶವಾದವು. ಸಮಾಧಿಗಳಲ್ಲಿ ಹೂತವು ಅಥವಾ ನೆಲದಡಿ ಬಚ್ಚಿಟ್ಟವು ಮಾತ್ರ ಹೆಚ್ಚಾಗಿ ಉಳಿದಿವೆ. ಹೋಬಿ ಬಟ್ಟಲುಗಳಲ್ಲಿ ಚಿತ್ರ, ಶಿಲ್ಪಿಯ ಹೆಸರು, ಒಡೆಯನ ಹೆಸರು ಮತ್ತು ದೊರೆತ ಸ್ಥಳ, ಈ ನಾಲ್ಕೂ ಒಟ್ಟಿಗೆ ಉಳಿದಿರುವುದು ಅಪರೂಪ. ಹೀಗಾಗಿ ಅವು ಟ್ರಾಯ್ ಕಥೆಗಳು ಗ್ರೀಕ್ ಜಗತ್ತಿನಿಂದ ರೋಮ್‌ಗೆ, ಅಲ್ಲಿಂದ ಬಾಲ್ಟಿಕ್ ತೀರಕ್ಕೆ ಸಾಗಿದ ದಾರಿಯನ್ನು ಸೂಚಿಸುತ್ತವೆ.