ಸರ್ಪಗಂಧದ ಬೇರು ಮತ್ತು ಅದರ ಪರೀಕ್ಷೆ

ಮಳೆಗಾಡಿನ ಅಂಚಿನಲ್ಲಿ, ಮರಗಳ ನೆರಳಿನಲ್ಲಿ, ಮೊಣಕಾಲೆತ್ತರಕ್ಕೆ ಬೆಳೆಯುವ ಸರ್ಪಗಂಧವೆಂಬ ಗಿಡವು ನೋಡುವವರ ಕಣ್ಣಿಗೆ ವಿಶೇಷವಾಗಿ ತೋರತಕ್ಕದ್ದಲ್ಲ. ಕೆಂಪು ತೊಟ್ಟಿನ ಮೇಲೆ ಬಿಳಿಯ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಸಣ್ಣ ಹಣ್ಣು. ಇಷ್ಟೇ ಅದರ ಶೋಭೆಯು. ಗುಣವೆಲ್ಲವೂ ನೆಲದೊಳಗಣ ಬೇರಿನಲ್ಲಿ ಅಡಗಿರುವದು. ಬಾಯಿಗಿಟ್ಟರೆ ಕಡುಕಹಿಯಾದ ಈ ಬೇರನ್ನು ಸಹ್ಯಾದ್ರಿಯಿಂದ ಹಿಮಾಲಯದ ತಪ್ಪಲಿನ ವರೆಗೂ ಜನರು ಬಹುಕಾಲದಿಂದ ಬಲ್ಲರು. ಹಾವಿನ ವಿಷಕ್ಕೆ, ಜ್ವರಕ್ಕೆ, ನಿದ್ರಾನಾಶಕ್ಕೆ, ಬುದ್ಧಿಭ್ರಮೆಗೆ ಇದನ್ನು ತೇಯ್ದು ಕುಡಿಸುತ್ತಿದ್ದರು. ಬಿಹಾರ ಪ್ರಾಂತದಲ್ಲಂತೂ ಇದಕ್ಕೆ ‘ಪಾಗಲ್ ಕೀ ದವಾ’, ಎಂದರೆ ಹುಚ್ಚರ ಮದ್ದು, ಎಂದೇ ಹೆಸರು ಬಿದ್ದಿತು.

ಒಂದೇ ಬೇರು ಇಷ್ಟು ಬೇನೆಗಳಿಗೆ ಮದ್ದೆಂದರೆ ವಿಚಾರವಂತರಿಗೆ ಸಂಶಯ ಹುಟ್ಟುವದು ಸಹಜವೇ ಸರಿ. ಆದರೆ ಹೊಗಳಿಕೆಯು ಅತಿಯಾಯಿತೆಂದು ಹೊಗಳಿಕೆಯೆಲ್ಲವೂ ಸುಳ್ಳಾಗಬೇಕಾಗಿಲ್ಲ. ಯಾವ ಮಾತು ದಿಟ, ಯಾವದು ಹುಸಿ ಎಂಬದನ್ನು ಬೇರ್ಪಡಿಸುವ ಕೆಲಸವು 1931ರಲ್ಲಿ ಎರಡು ಕಡೆಗಳಿಂದ ಆರಂಭವಾಯಿತು.

ಕಲಕತ್ತೆಯಲ್ಲಿ ಮಹಾಮಹೋಪಾಧ್ಯಾಯ ಕವಿರಾಜ ಗಣನಾಥ ಸೇನರು ಆಯುರ್ವೇದ, ಪಾಶ್ಚಾತ್ಯ ವೈದ್ಯ ಎರಡನ್ನೂ ಕಲಿತವರು. ಅವರೂ ಕಾರ್ತಿಕಚಂದ್ರ ಬೋಸರೂ ಕೂಡಿ ಬೇರಿನ ಪುಡಿಯನ್ನು ದಿನಕ್ಕೆ ಎರಡಾವರ್ತಿ 20ರಿಂದ 30 ಗ್ರೇನಿನಷ್ಟು ರೋಗಿಗಳಿಗೆ ಕೊಟ್ಟು ನೋಡಿ, ಉನ್ಮಾದದ ಉದ್ರೇಕವು ಶಾಂತವಾಗುವದಲ್ಲದೆ ಏರಿದ ರಕ್ತದ ಒತ್ತಡವೂ ಇಳಿಯುವದೆಂದು ಅದೇ ವರ್ಷ ಪ್ರಕಟಿಸಿದರು. ಇತ್ತ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ, ರಫತ್ ಹುಸೇನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರು ಬೇರಿನಿಂದ ಆಲ್ಕಲಾಯ್ಡ್ ಎಂಬ ಕ್ಷಾರಗುಣದ ಸತ್ವಗಳನ್ನು ಐದು ಬಗೆಯಾಗಿ ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟದ್ದು ಆ ಸಂಸ್ಥೆಯನ್ನು ಬೆಳೆಸಿ 1927ರಲ್ಲಿ ತೀರಿಕೊಂಡ ಹಕೀಮ ಅಜ್ಮಲ್ ಖಾನರ ಸ್ಮರಣೆಗಾಗಿ.

ಇಲ್ಲಿಯೇ ಒಂದು ತೊಡಕು ಹುಟ್ಟಿತು. ಹರಳುಗಟ್ಟಿದ ಈ ಸತ್ವಗಳೇ ಬೇರಿನ ಸಾರವೆಂದು ಬಗೆದು ಪ್ರಾಣಿಗಳ ಮೇಲೆ ಪ್ರಯೋಗಿಸಿದಾಗ, ಇಡಿಯ ಬೇರು ತೋರಿಸುತ್ತಿದ್ದ ಶಾಂತಿಗೊಳಿಸುವ ಗುಣವು ಅವುಗಳಲ್ಲಿ ತಕ್ಕಷ್ಟು ಕಾಣಲಿಲ್ಲ. ಕವಿರಾಜರ ಪುಡಿಯು ಕೆಲಸ ಮಾಡುತ್ತಿತ್ತು. ಶುದ್ಧಮಾಡಿದ ಹರಳು ಮಾಡಲೊಲ್ಲದು! ಇಂಥ ಸಂದರ್ಭದಲ್ಲಿ ಜನರ ಅನುಭವವೇ ಭ್ರಮೆಯೆಂದು ಕೈಬಿಡುವದು ಸುಲಭವಿತ್ತು. ಹಾಗೆ ಬಿಡದೆ, ಹರಳು ತೆಗೆದ ಬಳಿಕ ಉಳಿಯುವ ಅಂಟಂಟಾದ ರಾಳದತ್ತ ಕೆಲವರು ತಿರುಗಿ ನೋಡಿದರು. ಡೆಹರಾಡೂನಿನ ಬೇರಿನಿಂದ ತೆಗೆದ ರಾಳದ ಅಂಶಕ್ಕೆ ನಿದ್ರೆ ತರುವ ಶಕ್ತಿಯುಂಟೆಂದು ಭಾರತೀಯ ಸಂಶೋಧಕರು 1944ರಲ್ಲಿ ಪ್ರಕಟಿಸಿದರು. ಕಸವೆಂದು ಬಗೆದದ್ದರಲ್ಲಿಯೇ ಕಸುವು ಇದ್ದಿತು.

ರಕ್ತದ ಒತ್ತಡದ ಸಂಗತಿಯನ್ನು ಜಗತ್ತಿನ ಮುಂದೆ ಇಟ್ಟವರು ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು. ಒತ್ತಡವು ವಿಶ್ರಾಂತಿಯಿಂದಲೂ, ವೈದ್ಯನ ಮೇಲಣ ನಂಬಿಕೆಯಿಂದಲೂ ತಾನಾಗಿ ಇಳಿಯಬಹುದಾದದ್ದು. ಆದುದರಿಂದ ಗುಣವಾಯಿತೆಂಬ ರೋಗಿಯ ಮಾತೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ, ಅಳೆದು ಬರೆದಿಡಬೇಕು. ವಕೀಲರು 50 ಜನ ರೋಗಿಗಳಿಗೆ ಒಣಬೇರಿನ ಗುಳಿಗೆಗಳನ್ನು ಕೊಟ್ಟು, ಕಂಡ ಫಲವನ್ನು 1949ರ ಅಕ್ಟೋಬರದಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದರು. ಭಾರತದ ಪತ್ರಿಕೆಗಳಲ್ಲಿ 18 ವರ್ಷ ಬಿದ್ದುಕೊಂಡಿದ್ದ ಸುದ್ದಿಗೆ ಆಗ ರೆಕ್ಕೆ ಮೂಡಿತು. ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸರು ಅದನ್ನು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿದರು. ಸ್ವಿಟ್ಝರ್ಲಂಡದ ಬಾಸೆಲ್ ನಗರದ ಸೀಬಾ ಕಂಪನಿಯಲ್ಲಿ ಮ್ಯುಲ್ಲರ್, ಶ್ಲಿಟ್ಲರ್, ಬೈನ್ ಎಂಬ ಮೂವರು ಅದೇ ರಾಳದಂಥ ಅಂಶವನ್ನು ಶೋಧಿಸಿ, 1952ರಲ್ಲಿ ‘ರೆಸರ್ಪಿನ್’ ಎಂಬ ಸತ್ವವನ್ನು ಹೊರತೆಗೆದರು. ಪುಡಿಯ ಕೆಲಸವನ್ನು ಅದರ ಅತ್ಯಲ್ಪ ಪ್ರಮಾಣವೇ ಮಾಡುತ್ತಿತ್ತು. 1954ರಲ್ಲಿ ನ್ಯೂಯಾರ್ಕ್ ಪ್ರಾಂತದ ನೇಥನ್ ಕ್ಲೈನರು ಮಾನಸಿಕ ರೋಗಿಗಳಲ್ಲಿ ಅದರ ಫಲವನ್ನು ವರದಿ ಮಾಡಿದರು. ಹುಚ್ಚರ ಮದ್ದೆಂಬ ಬಿಹಾರದ ಹೆಸರು ನಿರಾಧಾರವಾದದ್ದಲ್ಲವೆಂದು ಹೀಗೆ ತಿಳಿದುಬಂದಿತು. ಹಾವಿನ ವಿಷಕ್ಕೆ ಇದೇ ಮದ್ದೆಂಬ ಮಾತಿಗೆ ಮಾತ್ರ ಇಂಥ ಆಧಾರವು ದೊರೆಯಲಿಲ್ಲ. ಹಾವು ಕಚ್ಚಿದವನನ್ನು ಬೇರು ತೇಯುತ್ತ ಮನೆಯಲ್ಲಿಟ್ಟುಕೊಂಡು ಕೂಡ್ರುವದು ಅವನ ಪ್ರಾಣಕ್ಕೆ ಎರವು.

ಪರೀಕ್ಷೆಯು ಗುಣವನ್ನಷ್ಟೇ ಅಲ್ಲ, ದೋಷವನ್ನೂ ಬಯಲಿಗೆಳೆಯಿತು. ಮೂಗು ಕಟ್ಟುವದು, ನಾಡಿ ನಿಧಾನವಾಗುವದು ಸಣ್ಣ ಉಪದ್ರವಗಳು. ಕೆಲವು ರೋಗಿಗಳಿಗೆ ಘೋರವಾದ ವಿಷಣ್ಣತೆ ಕವಿದ ವರದಿಗಳು 1950ರ ದಶಕದಲ್ಲಿಯೇ ಬಂದವು, ವೈದ್ಯರು ಎಚ್ಚತ್ತರು. ಬೇರೆ ಮದ್ದುಗಳು ಬಂದಂತೆ ರೆಸರ್ಪಿನ್ನಿನ ಬಳಕೆಯು ತಗ್ಗುತ್ತ ಹೋಗಿ, ಇಂದು ಅದನ್ನು ಬರೆದುಕೊಡುವ ವೈದ್ಯರು ವಿರಳ. ಆದರೆ ಅದು ಮಿದುಳಿನ ವಿಷಯದಲ್ಲಿ ತೆರೆದ ದಾರಿಯು ಮುಚ್ಚಲಿಲ್ಲ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು 1957ರಲ್ಲಿ ರೆಸರ್ಪಿನ್ ಕೊಟ್ಟು ಅಲುಗಾಡದಂತೆ ಮಾಡಿದ ಮೊಲಗಳನ್ನು ಲೆವೊಡೋಪಾ ಎಂಬ ವಸ್ತುವಿನಿಂದ ಮತ್ತೆ ಓಡಾಡಿಸಿದರು. ಪಾರ್ಕಿನ್ಸನ್ ಎಂಬ ಕಂಪವಾತದ ಚಿಕಿತ್ಸೆಗೆ ಇದೇ ಮೂಲವಾಯಿತು. ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಕೀರ್ತಿಯ ಬೆಲೆಯನ್ನು ತೆತ್ತದ್ದು ಗಿಡವೇ. ಎಲೆಯಲ್ಲಿ ಗುಣವಿದ್ದ ಗಿಡವನ್ನು ಚಿವುಟಿ ಉಳಿಸಬಹುದು; ಬೇರಿನಲ್ಲಿದ್ದುದನ್ನು ಕಿತ್ತೇ ತೀರಬೇಕು. ಕಾಡಿನಲ್ಲಿ ಸರ್ಪಗಂಧವು ಅಪರೂಪವಾಗುತ್ತ ಬಂದು, ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು 1990ರಲ್ಲಿ ನಿರ್ಬಂಧಕ್ಕೆ ಒಳಪಡಿಸಬೇಕಾಯಿತು. ಹೊಲದಲ್ಲಿ ಬಿತ್ತಿ ಬೆಳೆಯುವವರೂ ಬೇರು ಬಲಿಯುವ ತನಕ ಒಂದೂವರೆ ವರ್ಷಕ್ಕೂ ಮಿಕ್ಕಿ ಕಾಯಬೇಕಾಗುವದು.