ಮಡ್ಡಿಯ ತೊಪ್ಪಲು, ಆಡಿನ ಮೇವು: ಕನಮಡಿ ಸೀಮೆಯ ಬಾರಿಕಂಟಿ

ಕನಮಡಿ ತಿಕೋಟಾ ತಾಲ್ಲೂಕಿನ ಗಡಿಯೂರು. ಆಚೆಗೆ ಮಹಾರಾಷ್ಟ್ರದ ಜತ್ ಸೀಮೆ. ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ, ನೀರಿದ್ದಲ್ಲಿ ದ್ರಾಕ್ಷಿ. ಉಳಿದ ಕಲ್ಲುಮಡ್ಡಿ ಬಾರಿ, ಜಾಲಿ, ಬನ್ನಿಗಳ ಪಾಲು. ಕಾಗದಪತ್ರದಲ್ಲಿ ಅದು ಪಾಳು. ಆಡು ಸಾಕಿದವರಿಗೆ ಅದೇ ಮೇವಿನ ಹೊಲ.

ಬೇಸಿಗೆಯಲ್ಲಿ ಮನೆಯಲ್ಲಿ ಉಳಿಯುವುದು ಜೋಳದ ಕಣಕಿ. ಅದರ ಕಚ್ಚಾ ಪ್ರೋಟೀನು ಶೇ. 3ರಿಂದ 5. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಾಣುಗಳಿಗೆ ನಾರು ಕರಗಿಸಲು ಶೇ. 7ರಷ್ಟಾದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ಹೊಟ್ಟೆ ತುಂಬಿಯೂ ಮೈ ಸೊರಗುತ್ತದೆ. ಬಾರಿಕಂಟಿಯ (ಜಿಜಿಫಸ್ ನುಮ್ಮುಲೇರಿಯಾ) ಒಣ ಎಲೆಯಲ್ಲಿ ಶೇ. 11ರಿಂದ 14 ಇರುತ್ತದೆ. ದಿನಕ್ಕೆ 900 ಗ್ರಾಂ ಒಣಮೇವು ತಿನ್ನುವ ಆಡಿಗೆ 500 ಗ್ರಾಂ ಕಣಕಿ, 400 ಗ್ರಾಂ ಬಾರಿ ಎಲೆ ಕೊಟ್ಟರೆ ಪ್ರೋಟೀನು ಹೆಚ್ಚುಕಡಿಮೆ 68 ಗ್ರಾಂ, ಅಂದರೆ ಶೇ. 7.5.

ಆದರೆ ಲೆಕ್ಕ ಇಷ್ಟು ಸಲೀಸಲ್ಲ. ಬಾರಿ, ಜಾಲಿ, ಬನ್ನಿ ಮೂರರಲ್ಲೂ ಒಗರು ಉಂಟು, ಒಗರಿನ ಮೂಲ ಟ್ಯಾನಿನ್. ಇದು ಹೆಚ್ಚಾದರೆ ಪ್ರೋಟೀನನ್ನೇ ಬಿಗಿಹಿಡಿದು ಹಿಕ್ಕೆಯೊಂದಿಗೆ ಹೊರಗೆ ಹಾಕಿಸುತ್ತದೆ. ಮಿತಿಯಲ್ಲಿದ್ದರೆ ಜಂತುವಿನ ಕಾಟ ತಗ್ಗಿಸುತ್ತದೆ. ರಕ್ತ ಹೀರುವ ಹಿಮಾಂಕಸ್ ಹುಳುವಿನ ಮರಿಗಳು ನೆಲದ ಹುಲ್ಲಿನಲ್ಲಿರುವುದರಿಂದ, ಹಿಂಗಾಲ ಮೇಲೆ ನಿಂತು ಮೇಲಿನ ಚಿಗುರು ಕೀಳುವ ಆಡಿಗೆ ಅವು ಹೊಟ್ಟೆ ಸೇರುವ ಭಯವೂ ಕಡಿಮೆ. ಬಿಟ್ಟು ಮೇಯಿಸಿದ ಆಡು ಒಂದೇ ಕಂಟಿಗೆ ಅಂಟಿಕೊಳ್ಳುವುದಿಲ್ಲ. ಇಲ್ಲೊಂದು ಬಾಯಿ, ಅಲ್ಲೊಂದು ಬಾಯಿ ಹಾಕುತ್ತ ಸಾಗುತ್ತದೆ. ಹೊಲದವರು ಬೈಯುವ ಈ ಚಾಳಿಯೇ ಒಗರನ್ನು ಹದದಲ್ಲಿಡುತ್ತದೆ. ಕಟ್ಟಿಹಾಕಿ ಒಂದೇ ತೊಪ್ಪಲು ಒಟ್ಟುವವರು ಆ ಹದವನ್ನು ತಾವೇ ನೋಡಿಕೊಳ್ಳಬೇಕು.

ಹೊರಗಿನಿಂದ ಬಂದ ಬಳ್ಳಾರಿ ಜಾಲಿಯ ಮಾತು ಬೇರೆ. ಎಲೆಯನ್ನು ಆಡು ಮೂಸಿ ಬಿಡುತ್ತದೆ, ಸಿಹಿಕಾಯಿಯನ್ನು ಹುಡುಕಿ ತಿನ್ನುತ್ತದೆ. ಅಗಿಯದ ಬೀಜ ಹಿಕ್ಕೆಯಲ್ಲಿ ಹೊರಬಿದ್ದು ಮತ್ತೊಂದು ಮಡ್ಡಿಯಲ್ಲಿ ಮೊಳೆಯುತ್ತದೆ. ಕಾಯಿಯನ್ನು ಪುಡಿಮಾಡಿ, ಬೇರೆ ಮೇವಿಗೆ ಬೆರೆಸಿ ಕೊಡುವುದೇ ಲೇಸು. ಬರೀ ಕಾಯಿಯನ್ನೇ ಬಹುದಿನ ತಿಂದ ಆಡುಗಳ ದವಡೆ, ನಾಲಗೆಯ ನರಗಳು ಕೆಟ್ಟದ್ದು ದಾಖಲಾಗಿದೆ.

ರಾಜಸ್ಥಾನದಲ್ಲಿ ಇದೇ ಬಾರಿಯನ್ನು ಮಳೆಗಾಲ ಮುಗಿದೊಡನೆ ಬುಡದ ಮೇಲೆ ಕೊಯ್ದು, ಒಣಗಿಸಿ, ಬಡಿಗೆಯಿಂದ ಬಡಿದು ಎಲೆ ಉದುರಿಸುತ್ತಾರೆ. ‘ಪಾಲಾ’ ಎಂಬ ಆ ಎಲೆ ಬೇಸಿಗೆಗೆ ದಾಸ್ತಾನಾಗುತ್ತದೆ, ಮುಳ್ಳು ಬೇಲಿಗೆ ಹೋಗುತ್ತದೆ. ನಮ್ಮ ಬಯಲುಸೀಮೆಯಲ್ಲೂ ಬೇಲಿಗೆಂದು ಬಾರಿ ಕಡಿಯುವುದುಂಟು. ಕಡಿದ ಕಂಟಿಯನ್ನು ಬೇಲಿಗೆ ಒಯ್ಯುವ ಮುನ್ನ ಕೆಲದಿನ ಕಣದಲ್ಲಿ ಹರವಿ, ಒಣಗಿದ ಮೇಲೆ ಬಡಿದರೆ ಎಲೆ ನಮಗೂ ದಕ್ಕುತ್ತದೆ. ಬೇರು ಉಳಿದ ಗಿಡ ಮುಂದಿನ ಮಳೆಗೆ ಮತ್ತೆ ಒಡೆಯುತ್ತದೆ.