ಶಾನುಭೋಗರ ಕಡತದಿಂದ ಗಣಕದ ಪಹಣಿಗೆ

ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂದೊಡನೆ ಹಳೆಯ ಮೈಸೂರಿನವರಿಗೆ ನೆನಪಾಗುವುದು ವಿದ್ಯುತ್. ಶಿವನಸಮುದ್ರದ ಈ ಕಡಿದಾದ ದಿಬ್ಬದ ಕೆಳಗೆ 1902ರಲ್ಲಿ ಕಾವೇರಿಯ ನೀರಿನಿಂದ ಉತ್ಪಾದನೆಯಾದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಹೆಚ್ಚುಕಡಿಮೆ ನೂರು ವರ್ಷಗಳ ನಂತರ ಇದೇ ಮಂಡ್ಯ ಜಿಲ್ಲೆ ಇನ್ನೊಂದು ಪ್ರಯೋಗಕ್ಕೂ ನೆಲವಾಯಿತು. ರೈತರ ಪಹಣಿಯನ್ನು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಮೊದಲು ಪ್ರಾಯೋಗಿಕವಾಗಿ ಜಾರಿಗೆ ಬಂದ ತಾಲ್ಲೂಕುಗಳಲ್ಲಿ ಪಕ್ಕದ ಮದ್ದೂರು ಒಂದು.

ಬ್ಲಫ್‌ನ ಯಂತ್ರಗಳನ್ನು ನೋಡಲು ಜನ ದೂರದಿಂದ ಬರುತ್ತಿದ್ದರು. ಮದ್ದೂರಿನ ಪ್ರಯೋಗದಲ್ಲಿ ಹಾಗೆ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲೊಂದು ಕಿಟಕಿ, ಕಂಪ್ಯೂಟರ್, ಪ್ರಿಂಟರ್, ಅದರಿಂದ ಹೊರಬರುವ ಒಂದು ಹಾಳೆ. ಆದರೆ ಆ ಹಾಳೆಯನ್ನು ಸರಿಯಾಗಿ ರೂಪಿಸುವುದು ಹೇಗೆಂಬುದನ್ನು ಕಲಿಯಲು ಒಂದು ಇಡೀ ಇಲಾಖೆಗೆ ವರ್ಷಗಳೇ ಬೇಕಾದವು.

ಕಡತದ ಕಾಲ

ಜಮೀನಿನ ಲೆಕ್ಕ ಹಳ್ಳಿಗೆ ಹೊಸತಲ್ಲ. ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲವಿತ್ತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಕಂದಾಯ ಮೋಜಣಿ ಪ್ರತಿ ಜಮೀನಿಗೂ ಸರ್ವೆ ನಂಬರ್ ಕೊಟ್ಟಿತು. ಆ ನಂಬರಿನ ಲೆಕ್ಕ ಮಾತ್ರ ವಂಶಪಾರಂಪರ್ಯವಾಗಿ ಬಂದ ಶಾನುಭೋಗರ ಕೈಯಲ್ಲೇ ಉಳಿಯಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಕೊನೆಗೊಂಡಿತು. ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮನುಷ್ಯ ಬದಲಾದರೂ ಪುಸ್ತಕ ಬದಲಾಗಲಿಲ್ಲ.

ಆ ಪುಸ್ತಕದ ಮುಖ್ಯ ಪತ್ರವೇ ಆರ್.ಟಿ.ಸಿ., ಅಂದರೆ ಪಹಣಿ. ಇದು ಕಂದಾಯ ನಿಯಮಗಳ 16ನೇ ನಮೂನೆ. ಸರ್ವೆ ನಂಬರ್, ಹಿಸ್ಸೆ, ವಿಸ್ತೀರ್ಣ, ಖರಾಬು, ಕಂದಾಯ, ಮಣ್ಣಿನ ಬಗೆ, ನೀರಾವರಿ ಎಲ್ಲವೂ ಇದರಲ್ಲಿ ಸೇರಿರುತ್ತವೆ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿಯ ವಿವರ. ಬ್ಯಾಂಕಿನ ಬೆಳೆಸಾಲಕ್ಕೆ, ನ್ಯಾಯಾಲಯದ ಜಾಮೀನಿಗೆ, ಅಣ್ಣತಮ್ಮಂದಿರ ಪಾಲಿಗೆ, ಎಲ್ಲಕ್ಕೂ ಇದರ ನಕಲು ಬೇಕು.

ರಾಜ್ಯದಲ್ಲಿ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರಿದ್ದರು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ನಕಲು ಬೇಕಾದ ರೈತ ಮೊದಲು ಅವರನ್ನು ಹುಡುಕಬೇಕು. ಸಿಕ್ಕರೂ ‘ನಾಳೆ ಬಾ’ ಎಂಬ ಉತ್ತರ. ಕೆಲವೆಡೆ ಕೈ ಬೆಚ್ಚಗೆ ಮಾಡದೆ ಪುಸ್ತಕ ತೆರೆಯುತ್ತಿರಲಿಲ್ಲ. ಪುಸ್ತಕದಲ್ಲಿ ಏನು ತಿದ್ದಲಾಗಿದೆಯೆಂಬುದು ಬರೆದವರನ್ನು ಬಿಟ್ಟರೆ ಇತರರಿಗೆ ತಿಳಿಯುವುದು ಕಷ್ಟವಾಗಿತ್ತು.

ಕಾಡ್ ಕಂಡ ದಾರಿ

ಇಂಥ ಪುಸ್ತಕಗಳ ತೊಡಕಿಗೆ ಪರಿಹಾರವಾಗಬಲ್ಲ ವಿಚಾರವೊಂದು ಅಮೆರಿಕದಲ್ಲಿ 1970ರಲ್ಲೇ ಮೂಡಿತ್ತು. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ, ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿಟ್ಟು, ಸಮಾನವಾದ ಸಂಖ್ಯೆ ಅಥವಾ ಹೆಸರಿನ ಮೂಲಕ ಅವುಗಳ ನಡುವೆ ಸಂಬಂಧ ಕಲ್ಪಿಸಬಹುದೆಂದು ತೋರಿಸಿದ. ಅದೇ ‘ರಿಲೇಷನಲ್ ಡೇಟಾಬೇಸ್’. ಅದನ್ನು ಪ್ರಶ್ನಿಸುವ ಎಸ್‌ಕ್ಯೂಎಲ್ ಭಾಷೆ ಐಬಿಎಂನಲ್ಲೇ 1974ರ ಸುಮಾರಿಗೆ ರೂಪುಗೊಂಡಿತು.

ಪಹಣಿಯ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ಕೆಂಪಯ್ಯ ಎಂಬ ರೈತನಿಗೆ ಮೂರು ಸರ್ವೆ ನಂಬರುಗಳಲ್ಲಿ ಜಮೀನಿದೆ ಎನ್ನೋಣ. ಕೈಬರಹದ ಪುಸ್ತಕದಲ್ಲಿ ಅವನ ಹೆಸರು ಮೂರು ಕಡೆ ಬರುತ್ತದೆ. ಒಂದೆಡೆ ಕೆಂಪಯ್ಯ, ಮತ್ತೊಂದೆಡೆ ಕೆಂಪಣ್ಣ, ಇನ್ನೊಂದೆಡೆ ಬರೀ ಕೆಂಪ. ಡೇಟಾಬೇಸಿನಲ್ಲಿ ಜಮೀನುಗಳಿಗೊಂದು ಕೋಷ್ಟಕ, ಮಾಲೀಕರಿಗೊಂದು ಕೋಷ್ಟಕ, ಯಾವ ಜಮೀನಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬುದಕ್ಕೆ ಮತ್ತೊಂದು ಕೋಷ್ಟಕ ಇರಬಹುದು. ಆಗ ಹೆಸರನ್ನು ಒಮ್ಮೆ ಬರೆದರೆ ಸಾಕು, ಉಳಿದೆಡೆ ಅವನ ಗುರುತಿನ ಸಂಖ್ಯೆ ಮಾತ್ರ. ಅವನು ಪಾಲು ಮಾರಿದರೆ ಮೂರನೆಯ ಕೋಷ್ಟಕದ ಒಂದು ಸಾಲಷ್ಟೇ ಬದಲಾಗುತ್ತದೆ.

ಆದರೆ ಕೋಷ್ಟಕಗಳನ್ನು ಹಾಗೆಯೇ ರೈತನ ಕೈಗೆ ಕೊಟ್ಟರೆ ಉಪಯೋಗವಿಲ್ಲ. ಬಿಡಿಯಾಗಿರುವ ಸಾಲುಗಳನ್ನು ಆರಿಸಿ, ಜೋಡಿಸಿ, ಕ್ರಮಕ್ಕೆ ತಂದು, ಮೊತ್ತ ಹಾಕಿ, ಮೇಲೆ ಊರು ಹೋಬಳಿಯ ತಲೆಬರಹ, ಕೆಳಗೆ ದಿನಾಂಕ ಮತ್ತು ಸಹಿಯ ಜಾಗ ಕೊಟ್ಟು ಮುದ್ರಿಸಬೇಕು. ಇದೇ ‘ರಿಪೋರ್ಟ್’. ಓದುವವನು ಏನನ್ನು ಕೇಳಲು ಬಂದಿದ್ದಾನೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮಾತ್ರ ಅದು ಸರಿಯಾಗುತ್ತದೆ.

ಗುಂಟೆಯ ಗಣಿತ

ಕಲಿಯಬೇಕಾದ ಪಾಠಗಳಲ್ಲಿ ಮೊದಲನೆಯದು ಎಷ್ಟು ಸಣ್ಣದೆಂದರೆ, ಹಳ್ಳಿಯ ಲೆಕ್ಕ ತಿಳಿಯದವರಿಗೆ ಅದು ಹೊಳೆಯುವುದೇ ಇಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 2 ಎಕರೆ 25 ಗುಂಟೆ ಮತ್ತು 1 ಎಕರೆ 30 ಗುಂಟೆ ಸೇರಿದರೆ 4 ಎಕರೆ 15 ಗುಂಟೆ. ಇವನ್ನು 2.25 ಮತ್ತು 1.30 ಎಂದು ದಶಮಾಂಶದಂತೆ ಕೂಡಿದರೆ ಯಂತ್ರ 3.55 ಎನ್ನುತ್ತದೆ. ಆ ಲೆಕ್ಕ ಅಚ್ಚುಕಟ್ಟಾಗಿ ಮುದ್ರಣಗೊಂಡರೂ ಸುಳ್ಳೇ. ಪಾಲುದಾರರ ಅಂಶಗಳ ಮೊತ್ತ ಸರ್ವೆ ನಂಬರಿನ ವಿಸ್ತೀರ್ಣಕ್ಕೆ ತಾಳೆಯಾಗುತ್ತಿದೆಯೇ ಎಂದು ಪರೀಕ್ಷಿಸುವ ಕೆಲಸವೂ ಈ ಗಣಿತವನ್ನೇ ಅವಲಂಬಿಸಿದೆ.

ಎರಡನೆಯ ಪಾಠ ಹಿಂದಿನ ಸೋಲಿನಿಂದ ಬಂದದ್ದು. ಭೂದಾಖಲೆಗಳನ್ನು ಗಣಕೀಕರಿಸುವ ಕೇಂದ್ರ ಸರ್ಕಾರದ ಯೋಜನೆ 1990ರ ದಶಕದಲ್ಲೇ ಕರ್ನಾಟಕಕ್ಕೆ ಬಂದಿತ್ತು. ಆದರೆ ದಾಖಲೆ ಬದಲಾಗುವುದು ತಾಲ್ಲೂಕಿನಲ್ಲಿ, ಅಲ್ಲಿಗೆ ಕಂಪ್ಯೂಟರ್ ಒದಗಿಸುವ ಏರ್ಪಾಡು ಅದರಲ್ಲಿರಲಿಲ್ಲ. ಒಮ್ಮೆ ತುಂಬಿದ ಮಾಹಿತಿ ಕೆಲವೇ ತಿಂಗಳಲ್ಲಿ ಹಳತಾಗುತ್ತಿತ್ತು. ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನೊಂದಿಗೆ ರೂಪಿಸಿದ ‘ಭೂಮಿ’ ಇದನ್ನು ತಿರುಗಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ನೇತೃತ್ವ ವಹಿಸಿದ್ದರು. ಬದಲಾವಣೆ ನಡೆಯುವಲ್ಲೇ ಗಣಕ ಇರಬೇಕು, ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇರಬಾರದು ಎಂಬುದು ಅದರ ನಿಲುವು.

ಮೂರನೆಯದು ತಪ್ಪು ಹಿಡಿಯುವ ಪಾಠ. ಹಳೆಯ ಪುಸ್ತಕಗಳನ್ನು ಗಣಕಕ್ಕೆ ತುಂಬಿದ ಬಳಿಕ ಮುದ್ರಿಸಿದ ಪ್ರತಿಗಳನ್ನು ಗ್ರಾಮ ಲೆಕ್ಕಿಗರಿಗೇ ಕೊಟ್ಟು ಮೂಲದೊಡನೆ ತಾಳೆ ನೋಡಿಸಲಾಯಿತು. ಅಲ್ಲಿ ಮೊದಲ ಓದುಗ ಅಧಿಕಾರಿಯೂ ಅಲ್ಲ, ರೈತನೂ ಅಲ್ಲ, ಪುಸ್ತಕ ಬರೆದವರೇ. ಹೀಗೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕದೊಳಗೆ ಹೋದವು. ಆಗಿನ 177 ತಾಲ್ಲೂಕುಗಳಿಗೂ ವ್ಯವಸ್ಥೆ ಹರಡಿತು.

ಎರಡು ಪರದೆ, ಒಂದು ಸರದಿ

ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗತೊಡಗಿತು. ಯಾರದೇ ಜಮೀನಿನ ಪಹಣಿಯನ್ನು ಯಾರು ಬೇಕಾದರೂ ಕೇಳಬಹುದಿತ್ತು. ಸಿಬ್ಬಂದಿಯ ಎದುರಿನ ಪರದೆಯ ಜೊತೆಗೆ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನೂ ಇಡಲಾಯಿತು. ಒಳಗಿನವರು ಬೆರಳಿನ ಗುರುತು ಕೊಟ್ಟೇ ವ್ಯವಸ್ಥೆಯನ್ನು ಪ್ರವೇಶಿಸಬೇಕು, ಹೀಗಾಗಿ ಯಾರು ಏನು ತಿದ್ದಿದರೆಂಬುದು ದಾಖಲಾಗುತ್ತಿತ್ತು.

ಖಾತೆ ಬದಲಾವಣೆ ಅಥವಾ ಮ್ಯುಟೇಷನ್ ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕೆಂಬ ನಿಯಮವನ್ನು ಗಣಕಕ್ಕೇ ಕಲಿಸಲಾಯಿತು. ಹಿಂದೆ ಬಂದವರ ಕಡತವನ್ನು ಮುಂದೆ ತಳ್ಳುವ ಚಾಳಿಗೆ ಇದು ಅಡ್ಡಿಯಾಯಿತು. ಆಕ್ಷೇಪಣೆಗೆ 30 ದಿನಗಳ ನೋಟಿಸನ್ನೂ ಗಣಕವೇ ಮುದ್ರಿಸುತ್ತಿತ್ತು. ಅವಧಿ ಮೀರಿದರೂ ಇತ್ಯರ್ಥವಾಗದ ಅರ್ಜಿಗಳ ಪಟ್ಟಿ ಬೇಕೆಂದರೆ ಅದೇ ಡೇಟಾಬೇಸಿಗೆ ಇನ್ನೊಂದು ಪ್ರಶ್ನೆ ಕೇಳಿದರೆ ಸಾಕು. ಒಂದೇ ಮಾಹಿತಿ ರೈತನಿಗೆ ಪಹಣಿಯಾಗಿ, ಮೇಲಧಿಕಾರಿಗೆ ಬಾಕಿ ಪಟ್ಟಿಯಾಗಿ ಕಾಣಬಲ್ಲದು.

ಉಳಿದ ಪ್ರಶ್ನೆಗಳು

ಇಷ್ಟಾದರೂ ಎಲ್ಲವೂ ಸರಿಹೋಯಿತೆನ್ನಲಾಗದು. ಪುಸ್ತಕದಲ್ಲಿ ತಪ್ಪಿದ್ದರೆ ಗಣಕದಲ್ಲೂ ತಪ್ಪೇ. ತಂದೆ ತೀರಿಕೊಂಡು ದಶಕಗಳಾದರೂ ಪೌತಿ ಖಾತೆ ಮಾಡಿಸಿಕೊಳ್ಳದ ಮನೆಗಳ ಪಹಣಿಯಲ್ಲಿ ಸತ್ತವರೇ ಮಾಲೀಕರಾಗಿ ಮುಂದುವರಿದರು. ಒಂದಕ್ಷರ ಬದಲಾದರೂ ಬ್ಯಾಂಕಿನಲ್ಲಿ ಸಾಲ ನಿಲ್ಲುತ್ತದೆ, ತಿದ್ದುಪಡಿಗೆ ಮತ್ತೆ ಅರ್ಜಿ, ಮತ್ತೆ ಅಲೆದಾಟ. ತಿದ್ದುವ ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಸರಿದದ್ದರಿಂದ ಬಡ ರೈತನಿಗಿಂತ ದೊಡ್ಡ ಭೂ ವ್ಯವಹಾರಸ್ಥರಿಗೆ ಹೆಚ್ಚು ಅನುಕೂಲವಾಯಿತೆಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ ವಾದಿಸಿದರು. ಊರಿನ ಹತ್ತು ಜನರಿಗೆ ಬಾಯಿಮಾತಿನಲ್ಲಿ ಗೊತ್ತಿದ್ದ ಸಾಗುವಳಿ ಹಕ್ಕಿಗೆ ಕಾಲಂನಲ್ಲಿ ಜಾಗ ಸಿಗದಿದ್ದರೆ ಕಾಗದದ ಮೇಲೆ ಅದು ಇಲ್ಲವೇ ಇಲ್ಲ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ.

ನಂತರದ ವರ್ಷಗಳಲ್ಲಿ ಪಹಣಿ ಹೋಬಳಿ ಮಟ್ಟದ ಕೇಂದ್ರಗಳಿಗೂ ಅಂತರ್ಜಾಲಕ್ಕೂ ಬಂತು. ನೋಂದಣಿಯ ‘ಕಾವೇರಿ’, ಮೋಜಣಿಯ ‘ಮೋಜಿಣಿ’ ತಂತ್ರಾಂಶಗಳೂ ‘ಭೂಮಿ’ಯೊಂದಿಗೆ ಸೇರಿದವು. ನಕಲು ಪಡೆಯುವುದು ಸುಲಭವಾದಷ್ಟೂ ಅದನ್ನು ಓದುವ ಅಭ್ಯಾಸ ಮುಖ್ಯವಾಗುತ್ತದೆ. ಪಹಣಿ ಕೈಗೆ ಬಂದೊಡನೆ ಮಡಿಚಿ ಜೇಬಿಗಿಡುವ ಬದಲು ವಿಸ್ತೀರ್ಣ, 9ನೇ ಕಾಲಂನ ಹೆಸರು, 11ನೇ ಕಾಲಂನ ಋಣ ಈ ಮೂರನ್ನಾದರೂ ತಾಳೆ ನೋಡುವುದು ಒಳ್ಳೆಯದು. ಸಾಲ ತೀರಿದ ಮೇಲೂ 11ರಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ತೆಗೆಸಲು ಅರ್ಜಿ ಕೊಡಬೇಕಾದವರು ಜಮೀನಿನ ಒಡೆಯರೇ. ಗಣಕ ತನಗೆ ತಿಳಿಸಿದ್ದನ್ನು ಮಾತ್ರ ಮುದ್ರಿಸುತ್ತದೆ.